ಗಾಂಧಿನಗರದ ವಕೀಲರ ಕಚೇರಿ: ಐದಕ್ಕೆ ನಾಲ್ಕು ಸ್ಟಾರ್

ಪೀಣ್ಯದ ಒಂದು ಕಾರ್ಖಾನೆಯಲ್ಲಿ 11 ವರ್ಷ ಸ್ಟೋರ್ಸ್ ನೋಡಿಕೊಂಡಿದ್ದವಳು ನಾನು. ದಾಸ್ತಾನು ತಾಳೆಯಾಗಲಿಲ್ಲವೆಂದು ಶೋಕಾಸ್ ನೋಟಿಸ್ ಬಂತು. ಕಂಪನಿಯ ಲಾ ಆಫೀಸರ್ ಮೇಡಂ ಕರೆದು ಕಾಫಿ ಕೊಟ್ಟು, "ನಮ್ಮಿಬ್ಬರಲ್ಲೇ ಇರುತ್ತೆ, ಬಿಚ್ಚಿ ಹೇಳಿ" ಅಂದರು. ಸೂಪರ್‌ವೈಸರ್ ಫೋನ್ ಮಾಡಿದ್ದಕ್ಕೆ ಎರಡು ಸಲ ಗೇಟ್ ಪಾಸ್ ಇಲ್ಲದೆ ಮಾಲು ಬಿಟ್ಟಿದ್ದನ್ನು ನಂಬಿ ಹೇಳಿಬಿಟ್ಟೆ. ಎಂಟೇ ದಿನಕ್ಕೆ ಅದು ಚಾರ್ಜ್‌ಶೀಟಿನಲ್ಲಿ ಮೂರನೇ ಆರೋಪ. ಸೂಪರ್‌ವೈಸರ್ ಫೋನಿನ ಸುದ್ದಿಯೇ ಅದರಲ್ಲಿ ಇರಲಿಲ್ಲ.

ಆಮೇಲೆ ಈ ಕಚೇರಿಗೆ ಹೋದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ವಕೀಲರು ಮೊದಲು ಮಾಡಿದ್ದೇ ಜೊತೆಗೆ ಬಂದಿದ್ದ ನಮ್ಮ ಭಾವನನ್ನು ಹೊರಗೆ ಕೂರಿಸಿದ್ದು. ಭಾವ ಮುಖ ಸಣ್ಣ ಮಾಡಿಕೊಂಡರು. "ಬೇಜಾರು ಮಾಡ್ಕೋಬೇಡಿ ಸಾರ್. ಇವರು ಹೇಳಿದ್ದನ್ನ ಇವರ ಒಪ್ಪಿಗೆ ಇಲ್ಲದೆ ನಾನು ಕೋರ್ಟಲ್ಲೂ ಹೇಳೋ ಹಾಗಿಲ್ಲ. ನಿಮಗೆ ಆ ಕಟ್ಟು ಇಲ್ಲ, ನಿಮ್ಮನ್ನ ಸಾಕ್ಷಿಗೆ ಕರೀಬಹುದು" ಅಂದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮನ್ನು ತೆಗೆದು ತೋರಿಸಿದರು. ಗುಮಾಸ್ತರಿಗೂ ಅದೇ ಕಟ್ಟು, ಕೇಸು ಮುಗಿದ ಮೇಲೂ ತಪ್ಪದು. ಸಂಬಳಕ್ಕಿರುವ ಕಂಪನಿ ವಕೀಲರಿಗೆ ಈ ಕಲಂ ಅನ್ವಯಿಸದೆಂದು 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿದೆಯಂತೆ. "ಅನ್ವಯಿಸಿದ್ದರೂ ಆ ಮೇಡಂ ಕಾಯೋದು ಕಂಪನಿ ಗುಟ್ಟನ್ನಮ್ಮ, ನಿಮ್ಮದನ್ನಲ್ಲ." ಇದನ್ನು ಕೇಳಿ ಅಲ್ಲೇ ಕಣ್ಣೀರು ಬಂತು. ಮೊದಲೇ ಗೊತ್ತಿದ್ದರೆ ಆ ಕಾಫಿ ಮುಟ್ಟುತ್ತಿರಲಿಲ್ಲ.

ಸುಮ್ಮನೆ ಧೈರ್ಯ ಹೇಳಿ ಕಳಿಸುವವರಲ್ಲ ಇವರು. ನನ್ನ ಬ್ಯಾಗಿನಲ್ಲಿದ್ದ ರಿಜಿಸ್ಟರ್ ಹಾಳೆಗಳ ಜೆರಾಕ್ಸ್ ನೋಡಿ, "ನನ್ನ ಕೈಗೆ ಕೊಟ್ಟ ಮಾತ್ರಕ್ಕೆ ಇವು ಗುಟ್ಟಾಗಲ್ಲ. ಹರಿದು ಹಾಕೋಕೆ ಸಹಾಯ ಮಾಡಿ ಅಂತ ನೀವು ಕೇಳಿದರೆ ಆ ಮಾತಿಗೂ ರಕ್ಷಣೆ ಇಲ್ಲ" ಎಂದು ನೇರವಾಗಿ ಹೇಳಿದರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಪ್ಲೈವುಡ್ ಪಾರ್ಟಿಷನ್‌ಗೆ. ಬೆಂಚಿನ ಮೇಲೆ ಕಾಯುವಾಗ ಒಳಗಿದ್ದ ಹೆಂಗಸಿನ ಡೈವೋರ್ಸ್ ಕಥೆ, ಜೀವನಾಂಶದ ಮೊತ್ತದ ಸಮೇತ, ನನ್ನ ಕಿವಿಗೆ ಬಿತ್ತು. ಹೇಳಿದೆ. ಮುಂದಿನ ಸಲ ಬೆಂಚು ಮೆಟ್ಟಿಲ ಹತ್ತಿರ ಹೋಗಿತ್ತು, ಪಾರ್ಟಿಷನ್ ಮಾತ್ರ ಹಾಗೇ ಇದೆ. ಅದನ್ನೂ ಸರಿಮಾಡಿಸಬೇಕು.

ಮೊದಲ ಭೇಟಿಗೆ 1,000 ರೂಪಾಯಿ, ರಸೀದಿ ಕೊಡುತ್ತಾರೆ. ಸಂಜೆ ಆರರ ಮೇಲೆ ಜನ ಕಡಿಮೆ. ಇವರಿಗೆ ಕಾಗದಪತ್ರ ಕಳಿಸುವುದಾದರೆ ಆಫೀಸಿನ ಮೇಲ್‌ನಿಂದ ಬೇಡ, ಸ್ವಂತದ್ದರಿಂದಲೇ ಕಳಿಸಿ.