ಹೋಟೆಲ್ ಬಿಟ್ಟ ಮೇಲೆ, ವಿಮಾನ ಹತ್ತುವ ಮುಂಚೆ: ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟವರು ಓದಿ

ಸ್ಯಾನ್ ಫ್ರಾನ್ಸಿಸ್ಕೊಗೆ ಬಾಡಿಗೆ ಕಾರಿನಲ್ಲಿ ಹೋಗುವವರು, ಅದರಲ್ಲೂ ಊರಿಂದ ಬಂದ ಅಪ್ಪ ಅಮ್ಮನನ್ನು ಸುತ್ತಾಡಿಸಲು ಕರೆದುಕೊಂಡು ಹೋಗುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಆ ಊರಿಗೆ ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ಚೆಂದದ ಊರು, ಹೋಗಿ. ಆದರೆ ಹೋಟೆಲ್ ರೂಮು ಖಾಲಿ ಮಾಡಿದ ಮೇಲೆ ವಿಮಾನ ಹತ್ತುವವರೆಗೆ ಅರ್ಧ ದಿನ ಸಿಗುತ್ತದಲ್ಲ, ಆ ಹೊತ್ತಿನಲ್ಲಿ ಲಗೇಜ್ ಎಲ್ಲಿರಬೇಕು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿ. ನಮ್ಮ ಮನೆಯ ಎರಡು ಪಾಸ್‌ಪೋರ್ಟ್ ಕಳುವಾಗಿದ್ದು ಆ ಅರ್ಧ ದಿನದಲ್ಲೇ.

ನಾವಿರುವುದು ಡಲ್ಲಾಸ್ ಹತ್ತಿರ. ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ಹೊರಡುವ ಮುಂಚೆಯೇ ವಾಟ್ಸಾಪ್‌ನಲ್ಲಿ ಭಯ ಬೀಳಿಸುವ ವಿಡಿಯೊಗಳು ಒಂದರ ಹಿಂದೆ ಒಂದು ಬಂದವು. ಟೆಂಡರ್‌ಲಾಯ್ನ್ ಬಡಾವಣೆ ಕಡೆ ಕಾಲಿಡಬೇಡಿ, ಕತ್ತಲಾದ ಮೇಲೆ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಓಡಾಡಬೇಡಿ, ಫುಟ್‌ಪಾತಿನಲ್ಲಿ ಮಲಗಿದವರ ಹತ್ತಿರ ಸುಳಿಯಬೇಡಿ ಅಂತ. ನಮ್ಮ ಹೋಟೆಲ್ ಇದ್ದದ್ದು ಯೂನಿಯನ್ ಸ್ಕ್ವೇರ್ ಹತ್ತಿರ, ಟೆಂಡರ್‌ಲಾಯ್ನ್ ಅಲ್ಲಿಂದ ಕೂಗಳತೆ ದೂರ. ನೋಡಿದರೆ ಹೊಟ್ಟೆ ಉರಿಯುವ ದೃಶ್ಯಗಳು ಅಲ್ಲಿವೆ, ನಿಜ. ಫೆಂಟನಿಲ್ ಅನ್ನುವ ಮಾದಕ ವಸ್ತುವಿನ ಚಟಕ್ಕೆ ಬಿದ್ದವರು ಸೊಂಟದಿಂದ ಮುಂದಕ್ಕೆ ಬಾಗಿ, ಬೀಳದೆ, ಏಳದೆ ಹಾಗೇ ನಿಂತಿರುತ್ತಾರೆ. ಆದರೆ ಅವರಲ್ಲಿ ಯಾರೂ ನಮ್ಮ ತಂಟೆಗೆ ಬರಲಿಲ್ಲ.

ಕಳ್ಳತನ ಆಗಿದ್ದು ಪ್ಯಾಲೆಸ್ ಆಫ್ ಫೈನ್ ಆರ್ಟ್ಸ್ ಪಕ್ಕದ ರಸ್ತೆಯಲ್ಲಿ, ಮಟಮಟ ಮಧ್ಯಾಹ್ನ. 1915ರ ದೊಡ್ಡ ವಸ್ತುಪ್ರದರ್ಶನಕ್ಕೆ ಕಟ್ಟಿದ ಗುಮ್ಮಟ, ಮುಂದೊಂದು ಕೊಳ, ಫೋಟೊ ತೆಗೆಸಿಕೊಳ್ಳುವ ಮದುವೆ ಜೋಡಿಗಳು, ಎದುರಿಗೆ ಕೋಟ್ಯಧೀಶರ ಮನೆಗಳು. ಅವತ್ತು ಶನಿವಾರ. ಬೆಳಿಗ್ಗೆ ಹನ್ನೊಂದಕ್ಕೆ ರೂಮು ಖಾಲಿ ಮಾಡಿದ್ದೆವು, ವಿಮಾನ ರಾತ್ರಿ. ಸೂಟ್‌ಕೇಸುಗಳೆಲ್ಲ ಎಸ್‌ಯುವಿಯ ಡಿಕ್ಕಿಯಲ್ಲಿ, ಮೇಲೆ ಕವರ್ ಎಳೆದಿತ್ತು, ಗಾಜು ಕಪ್ಪು. ಹೊರಗಿನಿಂದ ಒಂದು ಚೀಲವೂ ಕಾಣುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ವಾಪಸ್ ಬಂದಾಗ ಡಿಕ್ಕಿಯೂ ಖಾಲಿ.

ಈ ಕಳ್ಳರು ದೊಡ್ಡ ಗಾಜು ಒಡೆಯುವುದಿಲ್ಲ. ಹಿಂಬಾಗಿಲಿನ ಆಚೆಗೆ ಒಂದು ಸಣ್ಣ ಮೂಲೆ ಗಾಜು ಇರುತ್ತದಲ್ಲ, ಅದನ್ನು ಒಡೆಯುತ್ತಾರೆ. ಕೈ ಹಾಕಿ ಹಿಂದಿನ ಸೀಟು ಮಡಚಿ ಡಿಕ್ಕಿಯೊಳಗೆ ಇಣುಕುತ್ತಾರೆ. ಏನಾದರೂ ಕಂಡರೆ ಎಳೆದುಕೊಳ್ಳುತ್ತಾರೆ. ಪಕ್ಕದಲ್ಲೇ ಇನ್ನೊಂದು ಕಾರು ಎಂಜಿನ್ ಆಫ್ ಮಾಡದೆ ಕಾಯುತ್ತಿರುತ್ತದೆ. ಎಲ್ಲ ಸೇರಿ ಒಂದು ನಿಮಿಷವೂ ಬೇಕಿಲ್ಲ. ಅಲ್ಲಿ ಇದಕ್ಕೆ ‘ಬಿಪ್ಪಿಂಗ್’ ಅಂತಾರೆ. ಕಾರಿನಲ್ಲಿ ಏನೂ ಕಾಣದ ಹಾಗೆ ಇಡಿ ಅಂತ ಎಲ್ಲರೂ ಹೇಳುತ್ತಾರೆ, ಪ್ರವಾಸಿ ಜಾಗಗಳಲ್ಲಿ ಬೋರ್ಡೂ ಹಾಕಿದ್ದಾರೆ. ಸರಿ, ಆದರೆ ಅಷ್ಟು ಸಾಲದು. ಬಾಡಿಗೆ ಕಾರು ಅಂತ ಗೊತ್ತಾದರೆ, ಅಂದರೆ ಗಾಜಿನ ಮೇಲೆ ಬಾರ್‌ಕೋಡ್ ಸ್ಟಿಕ್ಕರ್, ಹೊರ ರಾಜ್ಯದ ನಂಬರ್ ಪ್ಲೇಟ್ ಕಂಡರೆ, ಒಳಗೆ ಏನೂ ಕಾಣದಿದ್ದರೂ ಒಂದು ಕೈ ನೋಡಿಯೇ ಹೋಗುತ್ತಾರೆ.

ನಾಯಿ ಹಿಡಿದುಕೊಂಡು ಬಂದ ಅಲ್ಲಿನ ನಿವಾಸಿಯೊಬ್ಬರು ನೆಲದ ಕಡೆ ಕೈ ತೋರಿಸಿದರು. ನಮ್ಮ ಕಾರಿನ ಗಾಜಿನ ಚೂರು ಮಾತ್ರ ಅಲ್ಲ, ರಸ್ತೆ ಅಂಚಿನ ಉದ್ದಕ್ಕೂ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಹಳೆಯ ಚೂರುಗಳೂ ಬಿದ್ದಿದ್ದವು. ಅಲ್ಲಿನವರು ಗಾಡಿ ನಿಲ್ಲಿಸುವ ಮುಂಚೆ ಮೊದಲು ನೋಡುವುದೇ ಅದನ್ನಂತೆ. ನೀವೂ ನೋಡಿ. ಆಲಾಮೊ ಸ್ಕ್ವೇರ್, ಟ್ವಿನ್ ಪೀಕ್ಸ್, ಫಿಶರ್‌ಮನ್ಸ್ ವಾರ್ಫ್, ಲಂಬಾರ್ಡ್ ಸ್ಟ್ರೀಟ್, ಎಲ್ಲ ಕಡೆಯೂ ಇದೇ ಕಥೆ.

ತುರ್ತು ನಂಬರ್ 911ಕ್ಕೆ ಫೋನ್ ಮಾಡಿದೆವು. ಯಾರಿಗಾದರೂ ಗಾಯ ಆಗಿದೆಯಾ, ಕಳ್ಳರು ಇನ್ನೂ ಅಲ್ಲೇ ಇದ್ದಾರಾ ಅಂತ ಕೇಳಿದರು. ಇಲ್ಲ ಅಂದೆವು. ಹಾಗಾದರೆ ಆನ್‌ಲೈನ್‌ನಲ್ಲಿ ದೂರು ಕೊಡಿ ಅಂದರು. ‘ಪೊಲೀಸರು ಬರೋದೇ ಇಲ್ವಾ?’ ಅಂತ ಅಮ್ಮ. ‘ನಮ್ಮೂರಲ್ಲಾಗಿದ್ರೆ ಮಹಜರಿಗಾದ್ರೂ ಬರ್ತಿದ್ರು’ ಅಂತ ಅಪ್ಪ. ತುರ್ತು ಅಲ್ಲದ ಸಂಗತಿಗೆ ಅಲ್ಲಿನ ಪೊಲೀಸ್ ನಂಬರ್ 415-553-0123, ಅದನ್ನು ಮೊದಲೇ ಫೋನಿನಲ್ಲಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಹೋಗಿದ್ದರೆ ಆನ್‌ಲೈನ್ ದೂರಿನ ತಾತ್ಕಾಲಿಕ ನಂಬರಿಗೆ ತೃಪ್ತಿಪಡಬೇಡಿ. ಠಾಣೆಗೆ ಹೋಗಿ, ಪಾಸ್‌ಪೋರ್ಟ್ ನಂಬರ್ ಸಮೇತ ಬರೆಸಿ. ಮುಂದೆ ಪ್ರತಿ ಕಚೇರಿಯಲ್ಲೂ ಕೇಳುವುದು ಆ ಒಂದು ಹಾಳೆಯನ್ನೇ. ಕಳ್ಳ ಸಿಗುತ್ತಾನೆ ಅನ್ನುವ ಆಸೆ ಬೇಡ. ಇಂಥ ಪ್ರಕರಣಗಳಲ್ಲಿ ಬಹಳ ವರ್ಷ ನೂರಕ್ಕೆ ಒಂದೆರಡರಲ್ಲಿ ಮಾತ್ರ ಬಂಧನ ಆಗುತ್ತಿತ್ತು.

ಇಲ್ಲೊಂದು ಮಾತು. ಆ ಊರು ದಿನದಿನಕ್ಕೆ ಕೆಡುತ್ತಿದೆ ಅನ್ನುವ ಫಾರ್ವರ್ಡ್‌ಗಳನ್ನು ನಾನು ನಂಬುವುದಿಲ್ಲ, ಈ ಕಳ್ಳತನ ಆದ ಮೇಲೂ. ಎಂಟು ಲಕ್ಷಕ್ಕೂ ಹೆಚ್ಚು ಜನ ಇರುವ ಊರಲ್ಲಿ 2024ರಲ್ಲಿ ಆದ ಕೊಲೆಗಳು 35, ಅರವತ್ತು ವರ್ಷಗಳಲ್ಲೇ ಕಮ್ಮಿ. 2017ರಲ್ಲಿ ಕಾರಿನ ಗಾಜು ಒಡೆದ ದೂರುಗಳು 30 ಸಾವಿರ ದಾಟಿದ್ದವು. 2024ರಲ್ಲಿ ಅವು ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗೆ ಬಂದವು. ಪೊಲೀಸರು ಕಳ್ಳರಿಗೆ ಬಲೆಯಾಗಿ ಕಾರು ನಿಲ್ಲಿಸಿದರು, ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹಾಕಿದರು, ಡ್ರೋನ್ ಹಾರಿಸಿದರು. ಇನ್ನು ‘ಅಮೆರಿಕದ ಅಪಾಯಕಾರಿ ಊರುಗಳು’ ಅಂತ ಪಟ್ಟಿ ಬರುತ್ತದಲ್ಲ, ಅದರಲ್ಲಿ ಅಪರಾಧವನ್ನು ಭಾಗಿಸುವುದು ಊರಿನ ನಿವಾಸಿಗಳ ಲೆಕ್ಕದಿಂದ. ನಮ್ಮಂಥ ಪ್ರವಾಸಿಗರ ಕಾರಿನ ಒಡೆದ ಗಾಜು ಅಪರಾಧದ ಎಣಿಕೆಗೆ ಬರುತ್ತದೆ, ನಮ್ಮ ತಲೆ ಮಾತ್ರ ಜನಸಂಖ್ಯೆಯ ಎಣಿಕೆಗೆ ಬರುವುದಿಲ್ಲ. ಹೀಗೆ ಊರೂರು ಹೋಲಿಸಿ ಪಟ್ಟಿ ಮಾಡಬೇಡಿ ಅಂತ ಎಫ್‌ಬಿಐ ಕೂಡ ಹೇಳುತ್ತದೆ. ಇನ್ನೊಂದು ಕಡೆ, ಪೊಲೀಸರು ಬರುವುದಿಲ್ಲ ಅಂತ ದೂರನ್ನೇ ಕೊಡದೆ ಊರಿಗೆ ಹೋಗುವವರೂ ಇದ್ದಾರೆ. ಹಾಗಾಗಿ ಅಂಕಿ ಕಮ್ಮಿಯಾಗಿದೆ ಅಂತ ಸೂಟ್‌ಕೇಸ್ ಬಿಟ್ಟು ಹೋಗುವುದೂ ತಪ್ಪೇ.

‘ಕ್ಯಾಲಿಫೋರ್ನಿಯಾದಲ್ಲಿ 950 ಡಾಲರ್‌ವರೆಗೆ ಕದ್ದರೆ ಕೇಸೇ ಇಲ್ಲ’ ಅನ್ನುವುದನ್ನೂ ಕೇಳಿರುತ್ತೀರಿ. ಅದು ಹಾಗಲ್ಲ. ಮತದಾರರು ಒಪ್ಪಿದ 2014ರ ಪ್ರೊಪೊಸಿಷನ್ 47 ಅನ್ನುವ ಕಾನೂನು ಅದನ್ನು ಸಣ್ಣ ಅಪರಾಧ ಅಂತ ಮಾಡಿತು, ಅಪರಾಧವೇ ಅಲ್ಲ ಅನ್ನಲಿಲ್ಲ. ಪದೇ ಪದೇ ಕದಿಯುವವರಿಗೆ 2024ರಲ್ಲಿ ಮತದಾರರೇ ಅದನ್ನು ಮತ್ತೆ ಬಿಗಿ ಮಾಡಿದರು. ಕಾರು ಒಡೆಯುವ ಕೇಸುಗಳು ಬಿದ್ದುಹೋಗುತ್ತಿದ್ದುದಕ್ಕೆ ಬೇರೆಯೇ ಕಾರಣವಿತ್ತು. ಬಾಗಿಲು ಲಾಕ್ ಆಗಿತ್ತು ಅಂತ ಸರ್ಕಾರಿ ವಕೀಲರು ಸಾಬೀತು ಮಾಡಬೇಕಿತ್ತು. ಹಾಸನದಲ್ಲೋ ಹ್ಯಾಂಬರ್ಗ್‌ನಲ್ಲೋ ಇರುವ ಪ್ರವಾಸಿ ‘ಲಾಕ್ ಮಾಡಿದ್ದೆ ಸ್ವಾಮಿ’ ಅಂತ ಸಾಕ್ಷಿ ಹೇಳಲು ಮತ್ತೆ ಅಲ್ಲಿಗೆ ಬರುತ್ತಾನಾ? ಆ ಸಂದನ್ನು 2024ರಲ್ಲಿ ಒಂದು ಹೊಸ ಕಾನೂನು ತಂದು ಮುಚ್ಚಿದರು.

ನಮಗೆ ನಿಜವಾದ ಪೆಟ್ಟು ಬಿದ್ದಿದ್ದು ಪಾಸ್‌ಪೋರ್ಟಿನಿಂದ. ಪಿಕ್‌ಪಾಕೆಟ್ ಆದೀತು ಅಂತ ಅಮ್ಮ ಎರಡನ್ನೂ ಕೈಚೀಲದಿಂದ ತೆಗೆದು ಸೂಟ್‌ಕೇಸಿನಲ್ಲಿ, ಸೀರೆ ಮಡಿಕೆಯ ನಡುವೆ ಇಟ್ಟಿದ್ದಳು. ಪಾಸ್‌ಪೋರ್ಟ್ ಜೊತೆಗೆ ಹತ್ತು ವರ್ಷದ ಪ್ರವಾಸಿ ವೀಸಾವೂ ಹೋಯಿತು. ವೀಸಾ ಸ್ಟಾಂಪನ್ನು ಅಮೆರಿಕದೊಳಗೆ ಮತ್ತೆ ಹಾಕಿಕೊಡುವುದಿಲ್ಲ. ಭಾರತಕ್ಕೆ ಹೋಗಿ ಹೊಸದಾಗಿ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇರುವವರ ಪಾಸ್‌ಪೋರ್ಟ್ ಹೋದರೂ ಹೀಗೇ. ಇಲ್ಲಿ ಕೆಲಸ ಮಾಡಿಕೊಂಡಿರಲು ತೊಂದರೆಯಿಲ್ಲ, ಆದರೆ ಒಮ್ಮೆ ಊರಿಗೆ ಹೋದರೆ ಹೊಸ ಸ್ಟಾಂಪ್ ಇಲ್ಲದೆ ವಾಪಸ್ ಬರುವಂತಿಲ್ಲ. ಸಮಾಧಾನದ ಸಂಗತಿ ಅಂದರೆ ಐ-94, ಅಂದರೆ ಅಮೆರಿಕದೊಳಗೆ ಬಂದದ್ದರ ದಾಖಲೆ, ಕಳೆಯುವುದಿಲ್ಲ. ಅದು ಆನ್‌ಲೈನ್‌ನಲ್ಲೇ ಇರುತ್ತದೆ, ತಕ್ಷಣ ಇಳಿಸಿಕೊಳ್ಳಿ.

ಅವತ್ತಿನ ವಿಮಾನ ತಪ್ಪಿತು. ಮರುದಿನ ವಿಮಾನ ನಿಲ್ದಾಣದಲ್ಲಿ ಪೊಲೀಸ್ ದೂರು, ಫೋನಿನಲ್ಲಿದ್ದ ಪಾಸ್‌ಪೋರ್ಟ್ ಫೋಟೊ ತೋರಿಸಿದೆವು. ಹತ್ತಾರು ಪ್ರಶ್ನೆ ಕೇಳಿ, ಮೈಯೆಲ್ಲ ತಡವಿ, ಚೀಲವೆಲ್ಲ ಬಿಚ್ಚಿಸಿ ಒಳಗೆ ಬಿಟ್ಟರು. ಇದೇನು ನಮ್ಮ ಹಕ್ಕಲ್ಲ. ಗುರುತು ಖಾತ್ರಿಯಾದರೆ ಮಾತ್ರ ಬಿಡುತ್ತಾರೆ, ಹಾಗಾಗಿ ತುಂಬ ಮುಂಚೆ ಹೋಗಿ. ಸ್ಯಾನ್ ಫ್ರಾನ್ಸಿಸ್ಕೊದ ಆರ್ಗೆಲೊ ಬುಲವಾರ್ಡ್‌ನಲ್ಲಿ ಭಾರತದ ಕಾನ್ಸುಲೇಟ್ ಇದೆ. ಆದರೆ ವಾರಾಂತ್ಯ, ಬಾಗಿಲು ಮುಚ್ಚಿತ್ತು. ಟೆಕ್ಸಸ್‌ನವರಿಗೆ ಹೇಗಿದ್ದರೂ ಹ್ಯೂಸ್ಟನ್ ಕಾನ್ಸುಲೇಟೇ ಗತಿ. ಕಳುವಾದ ಪಾಸ್‌ಪೋರ್ಟಿಗೆ ಬದಲಿ ಕೊಡಲು ಊರಿನ ಕಡೆಯಿಂದ ಪರಿಶೀಲನೆ ಆಗಿ ಬರಬೇಕು, ವಾರಗಟ್ಟಲೆ ಹಿಡಿಯುತ್ತದೆ. ಹೊರಡುವ ದಿನ ಹತ್ತಿರ ಇದ್ದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬಹುದು. ಅದು ಭಾರತಕ್ಕೆ ಹೋಗುವ ಒಂದು ಕಡೆಯ ಪ್ರಯಾಣಕ್ಕೆ ಮಾತ್ರ. ದುಬೈ, ಫ್ರಾಂಕ್‌ಫರ್ಟ್ ಥರ ನಡುವೆ ಬೇರೆ ದೇಶದಲ್ಲಿ ಇಳಿದು ಹತ್ತುವ ಟಿಕೆಟ್ ಇದ್ದರೆ, ಅದನ್ನು ಒಪ್ಪುತ್ತಾರಾ ಅಂತ ಏರ್‌ಲೈನ್‌ನವರನ್ನು ಮೊದಲೇ ಕೇಳಿಕೊಳ್ಳಿ.

ಅಪ್ಪನ ಬಿಪಿ, ಶುಗರ್ ಮಾತ್ರೆಗಳೂ ಅದೇ ಸೂಟ್‌ಕೇಸಿನಲ್ಲಿದ್ದವು. ಇಲ್ಲಿ ಹಾಸನದ ಹಾಗೆ ಮೆಡಿಕಲ್ ಶಾಪಿಗೆ ಹೋಗಿ ಖಾಲಿ ಸ್ಟ್ರಿಪ್ ತೋರಿಸಿದರೆ ಕೊಡುವುದಿಲ್ಲ. ಅರ್ಜೆಂಟ್ ಕೇರ್ ಅನ್ನುವ ಕ್ಲಿನಿಕ್‌ಗೆ ಹೋಗಿ, ಡಾಕ್ಟರಿಗೆ ದುಡ್ಡು ಕೊಟ್ಟು, ಹೊಸ ಚೀಟಿ ಬರೆಸಿಕೊಂಡು ಬರಬೇಕಾಯಿತು. ಮಾತ್ರೆ ಮೈಮೇಲಿನ ಚೀಲದಲ್ಲೇ ಇರಲಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಕ್ರೆಡಿಟ್ ಕಾರ್ಡಿನ ಬಾಡಿಗೆ ಕಾರು ವಿಮೆ ಕಾರಿಗೆ ಮಾತ್ರ, ಒಳಗಿದ್ದ ಸಾಮಾನಿಗಲ್ಲ. ಕಾರಿನ ಕಂಪನಿಯವರು ಗಾಜಿನ ಜೊತೆಗೆ, ರಿಪೇರಿಯಲ್ಲಿರುವಷ್ಟು ದಿನ ಕಾರನ್ನು ಬಾಡಿಗೆಗೆ ಕೊಡಲಾಗಲಿಲ್ಲ ಅಂತ ಬೇರೆ ಚಾರ್ಜ್ ಹಾಕಿದರು. ನಿಮ್ಮ ಕಾರ್ಡು ಅದನ್ನೂ ಕೊಡುತ್ತದಾ ಅಂತ ನೋಡಿಕೊಳ್ಳಿ. ಸಾಮಾನಿಗೆ ಆಗುವುದು ಬಾಡಿಗೆ ಮನೆಯಲ್ಲಿರುವವರು ಮಾಡಿಸುವ ರೆಂಟರ್ಸ್ ಇನ್ಶುರೆನ್ಸ್. ಅದರಲ್ಲೂ ಮೊದಲ ಐನೂರೋ ಸಾವಿರವೋ ಡಾಲರ್ ನಮ್ಮದೇ ಕೈಯಿಂದ. ಒಡವೆ ಕಳುವಾದರೆ ಕೊಡುವುದಕ್ಕೆ ಪ್ರತ್ಯೇಕ ಮಿತಿ ಇರುತ್ತದೆ, ಸಾಮಾನ್ಯ ಪಾಲಿಸಿಗಳಲ್ಲಿ ಸುಮಾರು 1,500 ಡಾಲರ್. ಅಮ್ಮನ ಹವಳದ ಸರಕ್ಕೆ ಬಿಲ್ ಕೇಳಿದರು. ಅಜ್ಜಿಯ ಕಾಲದಲ್ಲಿ ಆಚಾರಿ ಮನೆಗೆ ಬಂದು ಕೂತು ಮಾಡಿಕೊಟ್ಟ ಸರಕ್ಕೆ ಬಿಲ್ ಎಲ್ಲಿಂದ ತರೋದು? ಹಾಗಂತ ಬಂಗಾರ ಮೈಮೇಲೆ ಹಾಕಿಕೊಂಡು ಓಡಾಡಿ ಅಂತಲೂ ಹೇಳಲಾರೆ. 2022ರಲ್ಲಿ ಅಲ್ಲೇ ಹತ್ತಿರದ ಸ್ಯಾನ್ ಹೊಸೆ, ಸನ್ನಿವೇಲ್ ಸುತ್ತಮುತ್ತ ಸೀರೆ ಉಟ್ಟ ನಮ್ಮ ಹೆಂಗಸರ ಕತ್ತಿನಿಂದಲೇ ಸರ ಕಿತ್ತ ಪ್ರಕರಣಗಳು ಹತ್ತಕ್ಕೂ ಹೆಚ್ಚು ಆಗಿದ್ದವು. ಒಡವೆಯನ್ನು ಪ್ರವಾಸಕ್ಕೆ ತರಲೇಬೇಡಿ.

ಹಾಗಾದರೆ ಆ ಅರ್ಧ ದಿನ ಏನು ಮಾಡಬೇಕು? ರೂಮು ಖಾಲಿ ಮಾಡಿದ ಮೇಲೂ ಬಹುತೇಕ ಹೋಟೆಲಿನವರು ಸಾಮಾನು ಇಟ್ಟುಕೊಳ್ಳುತ್ತಾರೆ, ಸಂಕೋಚ ಬಿಟ್ಟು ಕೇಳಿ. ಅದಕ್ಕಿಂತ ಒಳ್ಳೆಯದು, ಬೆಳಿಗ್ಗೆಯೇ ಕಾರು ವಾಪಸ್ ಕೊಟ್ಟುಬಿಡುವುದು. ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ಟರ್ಮಿನಲ್‌ನಲ್ಲಿ ದುಡ್ಡು ಕೊಟ್ಟು ಲಗೇಜ್ ಇಡುವ ಜಾಗವಿದೆ. ಅಲ್ಲಿಟ್ಟು ಬಾರ್ಟ್ ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ಊರೊಳಗೆ ಪವೆಲ್ ಸ್ಟೇಷನ್. ಏರ್‌ಲೈನ್‌ನವರಿಗೇ ಬೆಳಿಗ್ಗೆ ಕೊಟ್ಟುಬಿಡೋಣ ಅಂದುಕೊಳ್ಳಬೇಡಿ, ಹೆಚ್ಚಿನವರು ಹೊರಡುವ ಕೆಲವೇ ಗಂಟೆ ಮುಂಚೆ ಮಾತ್ರ ತೆಗೆದುಕೊಳ್ಳುತ್ತಾರೆ.

ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಸೇಫ್ ಅಲ್ವಾ ಅಂತ ಕೇಳಬೇಡಿ. 2024ರ ಏಪ್ರಿಲ್‌ನಲ್ಲಿ, ಸೆನೆಟ್ ಚುನಾವಣೆಗೆ ನಿಂತಿದ್ದ ಆಡಂ ಶಿಫ್ ಅವರ ಬ್ಯಾಗುಗಳು ಸ್ಯಾನ್ ಫ್ರಾನ್ಸಿಸ್ಕೊದ ಗ್ಯಾರೇಜಿನಲ್ಲಿದ್ದ ಕಾರಿನಿಂದಲೇ ಕಳುವಾದವು. ಪಾಪ, ಸೂಟಿಲ್ಲದೆ ಔತಣಕ್ಕೆ ಹೋದರು. ಪಕ್ಕದ ಊರು ಓಕ್ಲೆಂಡ್‌ನ ವಿಮಾನ ನಿಲ್ದಾಣದಿಂದ ಹೊರಡುವವರೂ ಹುಷಾರು. ಅದರ ಹತ್ತಿರದ ಹೆಗೆನ್‌ಬರ್ಗರ್ ರಸ್ತೆಯ ಇನ್-ಎನ್-ಔಟ್ ಬರ್ಗರ್ ಅಂಗಡಿಯನ್ನು, ಗಿರಾಕಿಗಳ ಕಾರು ಒಡೆಯುವುದು, ದರೋಡೆ ಜಾಸ್ತಿಯಾಯಿತು ಅಂತ 2024ರ ಮಾರ್ಚ್‌ನಲ್ಲಿ ಮುಚ್ಚಿಯೇಬಿಟ್ಟರು. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು.

ಕಾರಿನಲ್ಲೇ ಏನಾದರೂ ಬಿಡಲೇಬೇಕಾದರೆ, ಆ ಜಾಗಕ್ಕೆ ಬಂದು ನಿಲ್ಲಿಸಿದ ಮೇಲೆ ಡಿಕ್ಕಿ ತೆರೆಯಬೇಡಿ. ನೋಡುವವರು ನೋಡುತ್ತಿರುತ್ತಾರೆ. ಯಾರಾದರೂ ಒಡೆಯುತ್ತಿರುವುದು ಕಣ್ಣಿಗೆ ಬಿದ್ದರೆ ಕೂಗಿಕೊಂಡು ಓಡಿ ಹೋಗಬೇಡಿ, ಕೈಯಲ್ಲಿ ಗನ್ ಇರಬಹುದು. ದೂರ ನಿಂತು 911 ಒತ್ತಿ.

ಕೆಲವು ದಿನ ಬಿಟ್ಟು ಡಲ್ಲಾಸ್‌ನ ಮನೆಗೆ ಒಂದು ಫೋನ್ ಬಂತು. ಸ್ಯಾನ್ ಫ್ರಾನ್ಸಿಸ್ಕೊದ ಇನ್ನೊಂದು ಮೂಲೆಯಲ್ಲಿ ಯಾರದೋ ಮನೆ ಮುಂದೆ ನಮ್ಮ ಸೂಟ್‌ಕೇಸ್ ಬಿದ್ದಿತ್ತಂತೆ. ಹೊರಗಿನ ಟ್ಯಾಗ್ ಕಿತ್ತುಹಾಕಿದ್ದರು. ಒಳಗೆ ಅಪ್ಪನ ಆಸ್ಪತ್ರೆ ಫೈಲಿನ ಮೇಲೆ ನನ್ನ ಹೆಂಡತಿ ಬರೆದಿಟ್ಟಿದ್ದ ನಂಬರ್ ನೋಡಿ ಆ ಪುಣ್ಯಾತ್ಮರು ಫೋನ್ ಮಾಡಿದರು, ಪಾರ್ಸೆಲ್ ಕೂಡ ಕಳಿಸಿದರು. ಸರ ಇರಲಿಲ್ಲ. ಪಾಸ್‌ಪೋರ್ಟುಗಳು ಸೀರೆ ಮಡಿಕೆಯಲ್ಲೇ ಇದ್ದವು. ಅಷ್ಟರಲ್ಲಿ ಕಳುವಾಗಿದೆ ಅಂತ ಕಾನ್ಸುಲೇಟಿಗೂ, ವೀಸಾ ಕೊಟ್ಟವರಿಗೂ ತಿಳಿಸಿ ಆಗಿತ್ತು. ಒಮ್ಮೆ ಹಾಗೆ ತಿಳಿಸಿದರೆ ಪಾಸ್‌ಪೋರ್ಟ್ ರದ್ದು, ವೀಸಾ ರದ್ದು. ಕೈಗೆ ವಾಪಸ್ ಸಿಕ್ಕರೂ ಅದರ ಮೇಲೆ ಪ್ರಯಾಣ ಮಾಡುವಂತಿಲ್ಲ. ತಿಳಿಸದೆ ಇರುವುದೂ ಆಗದ ಮಾತು, ಬೇರೆ ಯಾರಾದರೂ ಬಳಸಿದರೆ ಇನ್ನೂ ದೊಡ್ಡ ತಲೆನೋವು. ಅಪ್ಪ ಅಮ್ಮ ಎಮರ್ಜೆನ್ಸಿ ಸರ್ಟಿಫಿಕೇಟಿನ ಮೇಲೆಯೇ ಬೆಂಗಳೂರಿಗೆ ಹೋದರು. ಈಗ ಹೊಸ ಪಾಸ್‌ಪೋರ್ಟ್ ಆಗಿದೆ. ವೀಸಾ ಸಂದರ್ಶನದ ದಿನಾಂಕಕ್ಕೆ ಇನ್ನೂ ಕಾಯುತ್ತಿದ್ದೇವೆ.