ಎಚ್‌ಐವಿ ಔಷಧ ನಿರೋಧ ಪರೀಕ್ಷೆಗೆ ಪ್ಲಾಸ್ಮಾವೋ, ಒಣರಕ್ತದ ಕಾರ್ಡೋ?

ರೋಗಿಯ ವೈರಸ್ಸಿಗೆ ಔಷಧ ನಾಟದಂತಾಗಿದೆಯೇ ಎಂದು ತಿಳಿಯುವ ಈ ಪರೀಕ್ಷೆಗೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಕಳಿಸಬಹುದು, ಇಲ್ಲವೇ ಕಾಗದದ ಕಾರ್ಡಿನ ಮೇಲೆ ಒಣಗಿಸಿದ ರಕ್ತದ ಹನಿ ಕಳಿಸಬಹುದು. ಶಿವಮೊಗ್ಗ ಪೇಟೆಯಲ್ಲಿ ಸೆಂಟ್ರಿಫ್ಯೂಜ್ (ರಕ್ತವನ್ನು ಗಿರಗಿರ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸುವ ಯಂತ್ರ), ಡೀಪ್ ಫ್ರೀಜರ್ ಕೈಗೆಟುಕುವಂತಿದ್ದರೆ ಹೆಚ್ಚು ಯೋಚಿಸಬೇಡಿ, ಪ್ಲಾಸ್ಮಾವೇ ಸರಿ. ಪ್ರಶ್ನೆ ಏಳುವುದು ಹೊಸನಗರ, ಆಗುಂಬೆಯಂಥ ಕಡೆ ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸುವಾಗ.

ಪ್ಲಾಸ್ಮಾಕ್ಕೆ ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬೇ ಬೇಕು. ಹಸಿರು ಮುಚ್ಚಳದ್ದರಲ್ಲಿರುವ ಹೆಪಾರಿನ್, ಲ್ಯಾಬಿನಲ್ಲಿ ವೈರಸ್ಸಿನ ವಂಶವಾಹಿಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. 24 ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿ, ಡೀಪ್ ಫ್ರೀಜರಿನಲ್ಲಿ ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ, ಆ ಸ್ಥಿತಿಯಲ್ಲೇ ಲ್ಯಾಬ್ ಮುಟ್ಟಿಸಬೇಕು. ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾದರೆ ವೈರಸ್ಸಿನ ವಂಶವಾಹಿಯಾದ ಆರ್‌ಎನ್‌ಎ ತುಂಡಾಗುತ್ತದೆ.

ಕಾರ್ಡಿಗೆ ತಂಪು ಸರಪಳಿಯ ಈ ತಾಪತ್ರಯವಿಲ್ಲ. ಕಾರ್ಡಿನ ಮೇಲೆ ಗುರುತಿಸಿದ ಒಂದೊಂದು ವೃತ್ತಕ್ಕೆ ಸುಮಾರು 50–75 ಮೈಕ್ರೋಲೀಟರ್ ರಕ್ತ ಸಾಕು. ಹನಿಯ ಮೇಲೆ ಹನಿ ಬೀಳಿಸಬಾರದು. ಆದರೆ ಮಲೆನಾಡಿನ ಆಷಾಢ ಇದರ ಶತ್ರು. ಬಿಸಿಲಿಗಾಗಲಿ ಹೀಟರಿಗಾಗಲಿ ಹಿಡಿಯದೆ, ತೇವ ಕಡಿಮೆಯಿರುವ ಕೋಣೆಯಲ್ಲಿ ರಾತ್ರಿಯಿಡೀ ಅಡ್ಡಲಾಗಿ ಒಣಗಿಸಿ. ಕಲೆ ಒಂದೇ ಸಮ ಕಂದುಬಣ್ಣಕ್ಕೆ ತಿರುಗಿದ ಮೇಲೆ ಜಿಪ್ ಚೀಲಕ್ಕೆ ಸಿಲಿಕಾ ಪೊಟ್ಟಣ, ತೇವಸೂಚಕದೊಂದಿಗೆ ಹಾಕಿ. ಸೂಚಕ ಬಣ್ಣ ಬದಲಿಸಿದರೆ ಪೊಟ್ಟಣವನ್ನು ತಕ್ಷಣ ಬದಲಿಸಿ.

ಕಾರ್ಡಿನ ನಿಜವಾದ ಮಿತಿ ಬೇರೆ: ರಕ್ತದ ಪ್ರಮಾಣವೇ ಕಡಿಮೆ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಮಿಲಿಲೀಟರಿಗೆ 1000 ಪ್ರತಿಗಿಂತ ಕೆಳಗಿದ್ದರೆ ಸೀಕ್ವೆನ್ಸಿಂಗ್, ಅಂದರೆ ವೈರಸ್ಸಿನ ವಂಶವಾಹಿಯನ್ನು ಓದುವ ಕೆಲಸ, ಬಹಳ ಸಲ ವಿಫಲವಾಗುತ್ತದೆ. ಜೀವಕೋಶದೊಳಗೆ ಅಡಗಿದ ಹಳೆಯ ವೈರಸ್ ಡಿಎನ್‌ಎ ಕೂಡ ಬೆರೆಯುವುದರಿಂದ, ಸದ್ಯದ ವೈರಸ್ಸಿನಲ್ಲಿಲ್ಲದ ರೂಪಾಂತರ ವರದಿಯಲ್ಲಿ ಕಾಣಬಹುದು.

ಯಾವುದನ್ನೇ ಆರಿಸಿದರೂ ರೋಗಿ ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ರಕ್ತ ತೆಗೆಯಿರಿ. ಮಾತ್ರೆ ಬಿಟ್ಟು ಕೆಲವು ವಾರ ಕಳೆದರೆ ಔಷಧ ನಿರೋಧವಿಲ್ಲದ ಮೂಲ ತಳಿ ಮತ್ತೆ ಮೇಲುಗೈ ಪಡೆಯುತ್ತದೆ. ಔಷಧ ನಿರೋಧ ತರುವ ಎಂ184ವಿಯಂಥ ರೂಪಾಂತರ ಒಟ್ಟು ವೈರಸ್ಸಿನ ಸುಮಾರು ಶೇ. 20ಕ್ಕಿಂತ ಕೆಳಗಿಳಿದರೆ ಸೀಕ್ವೆನ್ಸಿಂಗಿನ ಸಾಮಾನ್ಯ ಸ್ಯಾಂಗರ್ ವಿಧಾನದ ಕಣ್ಣಿಗೆ ಬೀಳುವುದು ಕಷ್ಟ.