ಕಾಲ್ಗಂಟಿನ ಮುಂದೆ ಚುಚ್ಚುತ್ತಿದ್ದರೆ ಮೀನಖಂಡ ಎಳೆಯಬೇಡಿ

ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ಮೇಲೇಳುತ್ತದೆ ಎಂದರೆ ಸಾಕು, ಎಲ್ಲರದ್ದೂ ಒಂದೇ ಸಲಹೆ: ಸ್ಟ್ರೆಚ್ ಮಾಡಿ. ಇದನ್ನು ನಂಬಿ ಕಾಲು ಕೆಡಿಸಿಕೊಂಡವರ ಕತೆಯೂ ಹೆಚ್ಚುಕಡಿಮೆ ಒಂದೇ. ಹಿಂದೆ ಮೂರ್ನಾಲ್ಕು ಸಲ ಕಾಲು ಉಳುಕಿರುತ್ತದೆ. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಇಳಿಬಿಟ್ಟು ದಿನಾ ಎಳೆಯುತ್ತಾರೆ. ಎರಡು ತಿಂಗಳಾದರೂ ಕಾಲ್ಗಂಟು ಒಂದಿಷ್ಟೂ ಹೆಚ್ಚು ಬಾಗುವುದಿಲ್ಲ. ಅದರ ಮುಂಭಾಗ ಊದಿಕೊಂಡು, ಮೆಟ್ಟಿಲಿಳಿಯುವಾಗಲೂ ಚುಚ್ಚತೊಡಗುತ್ತದೆ.

ತಡೆ ಇದ್ದದ್ದು ಮೀನಖಂಡದಲ್ಲಲ್ಲ, ಮುಂದೆ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ತುದಿಗೂ ಅದರಡಿಯ ಟೇಲಸ್ ಮೂಳೆಗೂ ನಡುವೆ, ಹಳೆಯ ಪೆಟ್ಟಿನಿಂದ ಬೆಳೆದ ಮೂಳೆಯ ಮೊನೆಯೋ ದಪ್ಪಗಟ್ಟಿದ ಕೀಲಿನ ಪೊರೆಯೋ ಸಿಕ್ಕಿಕೊಳ್ಳುತ್ತದೆ. ಒತ್ತಿದಷ್ಟೂ ಅದು ಜಜ್ಜಿಹೋಗುತ್ತದೆ. ಬಾಗಿಲ ಸಂದಿಯಲ್ಲಿ ಕಲ್ಲು ಸಿಕ್ಕಿರುವಾಗ ತಿರುಗಣಿಗೆ ಎಣ್ಣೆ ಬಿಟ್ಟು ಏನುಪಯೋಗ?

ಮೊದಲು ಗೋಡೆಯ ಮುಂದೆ ಬರಿಗಾಲಲ್ಲಿ ಪರೀಕ್ಷಿಸಿ. ಹಿಮ್ಮಡಿ ನೆಲ ಬಿಡದೆ, ಮೊಣಕಾಲು ಗೋಡೆ ಮುಟ್ಟುವಂತೆ ಪಾದವನ್ನು ಹಿಂದೆ ಹಿಂದೆ ಸರಿಸುತ್ತಾ ಹೋಗಿ. ಹೆಬ್ಬೆರಳಿನಿಂದ ಗೋಡೆಗೆ ಸುಮಾರು 10 ಸೆಂ.ಮೀ. ಸಿಕ್ಕರೆ ಚಿಂತೆಯಿಲ್ಲ. ಮೊಣಕಾಲು ಎರಡನೇ ಬೆರಳಿನ ನೇರಕ್ಕೇ ಇರಲಿ. ಪಾದದ ಕಮಾನು ಒಳಗೆ ಕುಸಿದರೆ ಅಳತೆ ಸುಳ್ಳು ಹೇಳುತ್ತದೆ. ಅಂತರಕ್ಕಿಂತ ಮುಖ್ಯ, ಎಲ್ಲಿ ತಡೆಯುತ್ತದೆ ಎಂಬುದು. ಹಿಂದೆ ಬಿಗಿದರೆ ಸ್ಟ್ರೆಚಿಂಗ್‌ಗೆ ಬಗ್ಗುತ್ತದೆ. ಮುಂದೆ ಚುಚ್ಚಿದರೆ ಅಲ್ಲೇ ನಿಲ್ಲಿಸಿ, ಮೂಳೆ ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ. ಎಕ್ಸ್‌ರೇಯಲ್ಲಿ ಮೂಳೆಯ ಮೊನೆ ಸಾಮಾನ್ಯವಾಗಿ ಕಾಣುತ್ತದೆ, ಪೊರೆಯ ತೊಂದರೆ ಕಾಣುವುದಿಲ್ಲ.

ಬಿಗಿ ಹಿಂದೆಯೇ ಇದ್ದರೆ ಎರಡು ಭಂಗಿ ಬೇಕು. ಮೀನಖಂಡದ ಹೊರಪದರದ ಸ್ನಾಯು ಮೊಣಕಾಲನ್ನು ದಾಟಿ ತೊಡೆಮೂಳೆಗೆ ಅಂಟಿರುವುದರಿಂದ ಅದಕ್ಕೆ ಕಾಲು ನೇರವಾಗಿರಬೇಕು. ಅದರ ಒಳಗಿನ ಸೋಲಿಯಸ್ ಎಂಬ ಸ್ನಾಯುವಿಗೆ ಮೊಣಕಾಲು ಮಡಿಸಬೇಕು. ಬಹಳ ಮಂದಿ ಮೊದಲನೆಯದನ್ನಷ್ಟೇ ಮಾಡಿ, ಕುಕ್ಕರಗಾಲು ಇನ್ನೂ ಬರಲಿಲ್ಲ ಎನ್ನುತ್ತಾರೆ. ಒಂದೊಂದೂ 30 ಸೆಕೆಂಡ್, ಮೂರ್ನಾಲ್ಕು ಸಲ, ವಾರಕ್ಕೆ ಐದು ದಿನ, ಕುಲುಕದೆ. ಕೆಲವು ವಾರಗಳಲ್ಲಿ ಸಿಗುವುದು ಕೆಲವೇ ಡಿಗ್ರಿ, ಹುಟ್ಟಿನಿಂದ ಬಂದ ಮೂಳೆಯ ಆಕಾರವಂತೂ ಬದಲಾಗದು. ಅಂಥವರು ಹಿಮ್ಮಡಿಯಡಿ 1–2 ಸೆಂ.ಮೀ. ಹಲಗೆ ಇಟ್ಟು ಕೂರುವುದು ವಾಸಿ.

ಮೀನಖಂಡದಿಂದ ಇಳಿದು ಬರುವ ಆಕಿಲಿಸ್ ರಜ್ಜು ಹಿಮ್ಮಡಿಗೆ ಅಂಟುವ ಜಾಗದಲ್ಲೇ ನೋವಿದ್ದರೆ ಮೆಟ್ಟಿಲಂಚಿನ ವ್ಯಾಯಾಮ ಬೇಡವೇ ಬೇಡ. ಹಿಮ್ಮಡಿ ಕೆಳಗಿಳಿದಾಗ ರಜ್ಜು ಮೂಳೆಗೆ ಒತ್ತಿ ನೋವು ಕೆರಳುತ್ತದೆ. ಒಂದೇ ಮೀನಖಂಡ ಇದ್ದಕ್ಕಿದ್ದಂತೆ ಊದಿ ಬಿಸಿಯಾದರೆ ಅದನ್ನು ಎಳೆಯುವುದಾಗಲಿ ತಿಕ್ಕುವುದಾಗಲಿ ಮಾಡದೆ ಅಂದೇ ವೈದ್ಯರ ಬಳಿ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು.